‘ದೇವಮಾತೆ’ ಅನ್ನುವ ಪದ ಬೈಬಲಿನಲ್ಲಿ ಇಲ್ಲ, ಹಾಗಿದ್ದರೂ ಹಾಗೆ ಕರೆಯಬಹುದಾ?

ಧಾರಾಳವಾಗಿ ಕರೆಯಬಹುದು. ‘ದೇವಮಾತೆ’, ‘ಆರೋಗ್ಯಮಾತೆ’, ‘ಸ್ವರ್ಗದ ರಾಣಿ’ ಎಲ್ಲಾ ಯೇಸುವಿನ ತಾಯಿ ಮರಿಯಳಿಗೆ ಮನುಷ್ಯರು ಕಟ್ಟಿದ ಬಿರುದು, ಬೈಬಲಿನಲ್ಲಿ ತೋರಿಸಿ ನೋಡೋಣ ಅಂತ ನಿಮ್ಮ ಪ್ರೊಟೆಸ್ಟೆಂಟ್ ಗೆಳೆಯರು ಕೇಳಿದರು ಎಂದಿದ್ದೀರಿ. ನಾನು ಕಥೋಲಿಕ, ಜಪಸರ ಹಿಡಿದೇ ಬೆಳೆದವನು. ಕಾಲೇಜಿನಲ್ಲಿ ಇದೇ ಪ್ರಶ್ನೆ ನನ್ನನ್ನೂ ತುಂಬಾ ಕಾಡಿತ್ತು.

ಪದ ಇದೆಯಾ ಇಲ್ವಾ ಅಂತ ಹುಡುಕಿದರೆ ಏನೂ ತೀರ್ಮಾನ ಆಗುವುದಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ‘ತ್ರೈಏಕ ದೇವರು’ ಪದವೂ ಅಲ್ಲಿಲ್ಲ, ಆದರೂ ನಿಮ್ಮ ಗೆಳೆಯರು ಅದನ್ನು ನಂಬುತ್ತಾರೆ ಅಲ್ವಾ? ಅದೇ ‘ಸ್ವರ್ಗದ ರಾಣಿ’ ಬೈಬಲಿನಲ್ಲೇ ಇದ್ದಾಳೆ! ಯೆರೆಮೀಯ 7:18 ತೆಗೆದು ನೋಡಿ. ಮಕ್ಕಳು ಸೌದೆ ಆರಿಸುತ್ತಾರೆ, ಅಪ್ಪಂದಿರು ಬೆಂಕಿ ಹೊತ್ತಿಸುತ್ತಾರೆ, ಹೆಂಗಸರು ಹಿಟ್ಟು ನಾದುತ್ತಾರೆ, ಎಲ್ಲಾ ಆ ರಾಣಿಗೆ ನೈವೇದ್ಯ ಮಾಡಲಿಕ್ಕೆ. ಆಕೆ ಅನ್ಯದೇವತೆ, ದೇವರಿಗೆ ಕೋಪ ಬಂದದ್ದೇ ಅದಕ್ಕೆ. ಮರಿಯಳನ್ನು ನಾವು ರಾಣಿ ಅನ್ನುವುದು ಬೇರೆ ಕಾರಣಕ್ಕೆ: ಯೇಸು ದಾವೀದ ರಾಜನ ವಂಶದವನು, ಆ ಮನೆತನದಲ್ಲಿ ರಾಜನ ತಾಯಿಗೆ ದೊಡ್ಡ ಮರ್ಯಾದೆ ಇತ್ತು, ದಾವೀದನ ಮಗ ಸೊಲೊಮೋನನೇ ಎದ್ದು ಬಂದು ತಾಯಿಗೆ ನಮಸ್ಕರಿಸಿ ತನ್ನ ಬಲಗಡೆ ಆಸನ ಹಾಕಿಸಿದ.

ಹಾಗಾಗಿ ನೋಡಬೇಕಾದ್ದು ಆ ಹೆಸರು ಏನು ಹೇಳುತ್ತದೆ, ಹೇಳಿದ್ದು ನಿಜವಾ ಅನ್ನುವುದನ್ನು. ‘ದೇವಮಾತೆ’ ಬೇಡ, ‘ಕ್ರಿಸ್ತನ ತಾಯಿ’ ಅಂದರೆ ಸಾಕು ಅಂತ ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷ ನೆಸ್ತೋರಿಯಸ್ ವಾದಿಸಿದ್ದ. ಕೇಳಲಿಕ್ಕೆ ಸರಿ ಅನಿಸುತ್ತದೆ. ಆದರೆ ತಾಯಿ ಹೆರುವುದು ಬರೀ ಮೈಯನ್ನಲ್ಲ, ಒಬ್ಬ ವ್ಯಕ್ತಿಯನ್ನು. ಹುಟ್ಟಿದ ಯೇಸು ದೇವರೇ ಆಗಿದ್ದರೆ ಹೆತ್ತವಳು ದೇವರ ತಾಯಿಯೇ. 431ರಲ್ಲಿ ಎಫೆಸ ಪಟ್ಟಣದಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆ ಈ ಹೆಸರನ್ನು ಎತ್ತಿಹಿಡಿಯಿತು. ಕರೆಯುವುದು ಮರಿಯಳನ್ನು, ಕಾಪಾಡುವುದು ಯೇಸು ಯಾರು ಅನ್ನುವ ಸತ್ಯವನ್ನು. ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಕೂಡ ಈ ಹೆಸರನ್ನು ಬಿಡಲಿಲ್ಲ, ಇದನ್ನು ನಿಮ್ಮ ಗೆಳೆಯರಿಗೆ ಖಂಡಿತ ಹೇಳಿ.

‘ಆರೋಗ್ಯಮಾತೆ’ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಅಜ್ಜಿ. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಬೆಂಗಳೂರಿನ ಶಿವಾಜಿನಗರದ ಬೆಸಿಲಿಕಾ ಚರ್ಚಿಗೆ ಕಾವಿ ಸೀರೆ ಉಟ್ಟು, ಮೇಣದಬತ್ತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟೆ, ವಾಸಿ ಮಾಡೋದು ಮಾತೆನಾ ಅಂತ. ಅಜ್ಜಿ ಮೇಣದಬತ್ತಿ ಹಚ್ಚುತ್ತಲೇ, “ಅಮ್ಮ ಮಗನ ಹತ್ರ ಹೇಳ್ತಾಳೆ ಕಣೋ, ಮಾಡೋನು ಅವನು” ಅಂದರು. ಕಾನಾ ಊರಿನ ಮದುವೆಯಲ್ಲಿ ನಡೆದದ್ದೂ ಅದೇ ತಾನೇ? ದ್ರಾಕ್ಷಾರಸ ಮುಗಿದಿದೆ ಅಂತ ಆಕೆ ಹೇಳಿದಳು, ನೀರನ್ನು ರಸ ಮಾಡಿದ್ದು ಯೇಸು.

ಹಾಗಂತ ಎಲ್ಲಾ ಬಿರುದನ್ನೂ ನಾನು ಒಪ್ಪುವುದಿಲ್ಲ. ಕೆಲವರು ಮರಿಯಳನ್ನು ‘ಸಹ-ವಿಮೋಚಕಿ’ ಅನ್ನುತ್ತಾರೆ. ಕೇಳಿದವರಿಗೆ ರಕ್ಷಕರು ಇಬ್ಬರು ಅನಿಸುತ್ತದೆ. ಹಾಗಲ್ಲ, ಹೀಗೆ ಅಂತ ಪ್ರತಿ ಸಲ ಬಿಡಿಸಿ ಹೇಳಬೇಕು. ವ್ಯಾಟಿಕನ್ ಕೂಡ 2025ರ ನವೆಂಬರಿನಲ್ಲಿ ಆ ಬಿರುದು ಸೂಕ್ತವಲ್ಲ ಎಂದಿತು. ಓದಿ ನನಗೆ ನೆಮ್ಮದಿಯಾಯಿತು.

ನಿಮ್ಮ ಗೆಳೆಯರಿಗೆ ‘ದೇವಮಾತೆ’ ಬಾಯಿಗೆ ಬರದಿದ್ದರೆ ಒತ್ತಾಯ ಮಾಡಬೇಡಿ. ಅವರ ಜೊತೆ ಪ್ರಾರ್ಥಿಸುವಾಗ ಮರಿಯಳ ಬಂಧು ಎಲಿಜಬೇತಳು ಕರೆದ ಹಾಗೆ ‘ನನ್ನ ಪ್ರಭುವಿನ ತಾಯಿ’ ಅನ್ನಿ, ಲೂಕ 1:43ರಲ್ಲಿದೆ. ಅದನ್ನು ಅವರೂ ಮನಸಾರೆ ಹೇಳಬಹುದು.