ಕಥೆ ವಾಪಸ್ ಬರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಎರಡು ವರ್ಷದಿಂದ ಕಥೆ ಬರೆಯುತ್ತಿದ್ದೇನೆ. ಮೂರು ಕಡೆ ಕಳಿಸಿದೆ, ಮೂರೂ ವಾಪಸ್. ‘ಭಾಷೆ ಭಾರವಾಗಿದೆ’ ಎಂದರು ಒಬ್ಬ ಸಂಪಾದಕರು. ಕಥೆಯ ಮೊದಲ ಮೂರು ಪುಟ ಕಳಿಸಿದ್ದೇನೆ. ಸುಲಭದ ದಾರಿ ಏನಾದರೂ ಇದೆಯೇ?
— ಓದುಗರೊಬ್ಬರು, ಹೊನ್ನಾಳಿ

ಉತ್ತರ: ಇದೆ. ಬರೆದದ್ದನ್ನು ಜೋರಾಗಿ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ಎಲ್ಲಿ ನಿಮಗೇ ನಗು ಬರುತ್ತದೋ ಅಲ್ಲಿ ಗೆರೆ ಎಳೆಯಿರಿ.

ನಿಮ್ಮ ಮೊದಲ ಸಾಲು ನೋಡಿ: ‘ಮಗನಿಂದ ಬರೆಯಲ್ಪಟ್ಟ ಪತ್ರವು ಅಜ್ಜಿಯ ಹೃದಯವನ್ನು ಅವ್ಯಕ್ತ ವೇದನೆಯಿಂದ ತುಂಬಿತ್ತು.’ ಈ ‘ಲ್ಪಟ್ಟ’ ಮನೆಯಲ್ಲಿ ಯಾರ ಬಾಯಲ್ಲಾದರೂ ಬರುತ್ತದೆಯೇ? ‘ನನ್ನಿಂದ ಉಪ್ಪಿಟ್ಟು ತಿನ್ನಲ್ಪಟ್ಟಿತು’ ಅನ್ನುವುದಿಲ್ಲ, ಅಲ್ವಾ? ‘ಮಗ ಬರೆದ ಕಾಗದ’ ಅಂದರೆ ಮುಗಿಯಿತು. ಇನ್ನು ‘ಅವ್ಯಕ್ತ ವೇದನೆ’. ಅಜ್ಜಿಗೆ ಏನಾಯಿತು ಅನ್ನುವುದನ್ನು ಅದು ಮುಚ್ಚಿಡುತ್ತದೆ.

ತಮಾಷೆ ಏನೆಂದರೆ, ಅದನ್ನು ನೀವೇ ಮೂರನೇ ಪುಟದಲ್ಲಿ ಹೇಳಿದ್ದೀರಿ. ಅಜ್ಜಿ ಕಾಗದವನ್ನು ಒಡೆಯದೆ ಸಾಸಿವೆ ಡಬ್ಬಿಯ ಕೆಳಗೆ ಇಟ್ಟಿದ್ದಾಳೆ. ದಿನಾ ಒಗ್ಗರಣೆ ಹಾಕುವಾಗ ಡಬ್ಬಿ ಎತ್ತುತ್ತಾಳೆ, ಕಾಗದ ನೋಡುತ್ತಾಳೆ, ಡಬ್ಬಿಯನ್ನು ಮತ್ತೆ ಅದರ ಮೇಲೆ ಇಡುತ್ತಾಳೆ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಕಥೆ ಅಲ್ಲಿಂದಲೇ ಶುರುವಾಗಲಿ. ಮೊದಲ ಎರಡು ಪುಟ ತೆಗೆದುಬಿಡಿ. ಹೊಟ್ಟೆ ಉರಿಯುತ್ತದೆ, ಗೊತ್ತು. ನಾನೂ ಹಿಂದೆ ಒಂದೇ ಕಥೆಯಲ್ಲಿ ಮೂರು ಸಲ ‘ಮೌನ ಮಾತಾಡಿತು’ ಎಂದು ಬರೆದು, ಮೂರನ್ನೂ ಉಳಿಸಿಕೊಳ್ಳಲು ಸ್ನೇಹಿತನ ಜೊತೆ ಜಗಳ ಆಡಿದವನು.

ಮಾತುಕತೆ ಇನ್ನೊಂದು ತೊಂದರೆ. ನಿಮ್ಮ ಅಜ್ಜಿ ಮೊಮ್ಮಗಳಿಗೆ ‘ನಾನು ಆರೋಗ್ಯವಾಗಿಯೇ ಇದ್ದೇನೆ’ ಅನ್ನುತ್ತಾಳೆ. ಹೊನ್ನಾಳಿಯ ಅಜ್ಜಿ ಹಾಗೆ ಹೇಳುತ್ತಾಳಾ? ‘ನಂಗೇನಾಗೈತಿ, ಸುಮ್ನಿರು’ ಅನ್ನುತ್ತಾಳೆ. ಸಂತೆಗೆ ಹೋದಾಗ, ಬಸ್ಸಿನಲ್ಲಿ ಕೂತಾಗ ಕಿವಿಗೆ ಬಿದ್ದ ಒಂದೊಂದು ಮಾತನ್ನು ಬಿದ್ದ ಹಾಗೇ ಬರೆದಿಟ್ಟುಕೊಳ್ಳಿ. ನಿಮ್ಮ ಕೌಂಟರಿನ ಮುಂದೆ ದಿನವೂ ಎಷ್ಟು ಜನ ಬಂದು ಮಾತಾಡುತ್ತಾರೆ! ಹೆಸರು, ಲೆಕ್ಕ ಬೇಡ. ಮಾತಿನ ಧಾಟಿ ಸಾಕು.

ಪದ ಸಾಲದು ಅನ್ನಿಸಿದರೆ ಕಿಟೆಲ್ ನಿಘಂಟು ತೆರೆಯಿರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು, ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಪದದ ಜೊತೆ ಗಾದೆಗಳನ್ನೂ ಕೊಟ್ಟಿದ್ದಾರೆ. ನಾನು ಒಂದು ಪದ ಹುಡುಕಲು ಹೋಗಿ ಅರ್ಧ ಗಂಟೆ ಕಳೆಯುವುದೇ ಜಾಸ್ತಿ.

ತಿದ್ದಿದ ಮೇಲೆ ಹದಿನೈದು ದಿನ ಮುಟ್ಟಬೇಡಿ. ಆಮೇಲೆ ಇನ್ನೊಮ್ಮೆ ಜೋರಾಗಿ ಓದಿ ಕಳಿಸಿ.

ಅಂದ ಹಾಗೆ, ಅಜ್ಜಿ ಆ ಕಾಗದ ಒಡೆದಳಾ? ನೀವು ಕಳಿಸಿದ್ದು ಮೂರೇ ಪುಟ.