ಓದುಗರ ಪ್ರಶ್ನೆ, ನಮ್ಮ ಉತ್ತರ: ಊರು ಬಿಟ್ಟ ಸರ್ಬಿಯನ್ನರು

ನಿಕೋಲಾ ಟೆಸ್ಲಾನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಕಿರುಬರಹ ಓದಿ ಹಲವರು ಪತ್ರ ಬರೆದಿದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಟೆಸ್ಲಾ ಒಂದು ಪುಸ್ತಕದಲ್ಲಿ ಸರ್ಬಿಯನ್, ಇನ್ನೊಂದರಲ್ಲಿ ಕ್ರೊಯೇಷಿಯನ್, ಮತ್ತೊಂದರಲ್ಲಿ ಅಮೆರಿಕನ್. ಮಕ್ಕಳಿಗೆ ಏನೆಂದು ಹೇಳಲಿ?
– ವಿಜ್ಞಾನ ಶಿಕ್ಷಕಿ, ಪೆರ್ಲ

ಹುಟ್ಟಿದ್ದು 1856ರ ಜುಲೈ 10ರಂದು, ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದಲ್ಲಿತ್ತು, ಈಗ ಕ್ರೊಯೇಷಿಯಾದಲ್ಲಿದೆ. ಮನೆತನ ಸರ್ಬಿಯನ್, ತಂದೆ ಮಿಲುಟಿನ್ ಸರ್ಬಿಯನ್ ಆರ್ಥೊಡಾಕ್ಸ್ ಚರ್ಚಿನ ಪಾದ್ರಿ. 1884ರಲ್ಲಿ ನ್ಯೂಯಾರ್ಕಿಗೆ ಬಂದು 1891ರಲ್ಲಿ ಅಮೆರಿಕದ ಪೌರನಾದ. ‘ಇಂದಿನ ಕ್ರೊಯೇಷಿಯಾದಲ್ಲಿ ಹುಟ್ಟಿದ, ಸರ್ಬಿಯನ್ ಮನೆತನದ, ಅಮೆರಿಕದ ವಿಜ್ಞಾನಿ’ ಎಂದು ಬರೆಸಿ. ಗಡಿಗೆರೆ ಸರಿದರೂ ಮನೆಮಾತು ಇದ್ದಲ್ಲೇ ಇರುತ್ತದೆಂದು 1956ರ ರಾಜ್ಯ ವಿಂಗಡಣೆಯನ್ನು ಕಂಡ ಊರಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದೂರವಾಣಿ ಲೈನಿನಲ್ಲಿ ನಾವು ‘ಲೋಡಿಂಗ್ ಕಾಯಿಲ್’ ಅನ್ನುತ್ತಿದ್ದದ್ದಕ್ಕೆ ‘ಪುಪಿನ್ ಕಾಯಿಲ್’ ಎಂದೂ ಹೆಸರಂತೆ. ಈ ಪುಪಿನ್ ಕೂಡ ಸರ್ಬಿಯನ್ನನೇ?
– ನಿವೃತ್ತ ದೂರವಾಣಿ ನೌಕರ, ಹೊಸೂರು

ಹೌದು. ಮಿಹೈಲೊ ಪುಪಿನ್, ಬಾನಾತ್ ಸೀಮೆಯ ಇದ್ವೋರ್ ಹಳ್ಳಿಯ ರೈತರ ಮಗ. 1874ರಲ್ಲಿ ನ್ಯೂಯಾರ್ಕಿನ ದಡದಲ್ಲಿ ಇಳಿದಾಗ ಕಿಸೆಯಲ್ಲಿ ಇದ್ದದ್ದು ಐದು ಸೆಂಟು. ಅದನ್ನೂ ಒಂದು ಕಡುಬಿಗೆ ಕೊಟ್ಟು, ಕಚ್ಚಿ ನೋಡಿದರೆ ಒಳಗೆಲ್ಲ ಹಣ್ಣಿನ ಬೀಜ. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ; ಆತ್ಮಕಥೆಗೆ 1924ರ ಪುಲಿಟ್ಜರ್ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಸರ್ಬಿಯಾದ ಗೌರವ ಕಾನ್ಸುಲ್ ಆಗಿದ್ದವನೂ ಇವನೇ.

ಕಾಯಿಲಿನ ಕೆಲಸ ನಿಮಗೆ ಗೊತ್ತೇ ಇದೆ, ಉಳಿದ ಓದುಗರಿಗಾಗಿ ಹೇಳುತ್ತೇವೆ. ಕೇಬಲ್ಲಿನಲ್ಲಿ ಜೋಡಿ ತಂತಿಗಳು ಒತ್ತೊತ್ತಾಗಿ ಹೋಗುವುದರಿಂದ ಅವುಗಳ ನಡುವೆ ವಿದ್ಯುತ್ ಶೇಖರವಾಗಿ, ದೂರ ಹೋದಷ್ಟೂ ಮಾತು ಮಸುಕಾಗುತ್ತದೆ. ಏರು ಸ್ವರಗಳು ಮೊದಲು ಸಾಯುತ್ತವೆ. ನಡುನಡುವೆ ಸುರುಳಿ ಸೇರಿಸಿದರೆ ಮಾತಿನ ಸ್ವರಗಳೆಲ್ಲ ಹೆಚ್ಚು ಕಡಿಮೆ ಒಂದೇ ಸಮ ತಲಪುತ್ತವೆ. ಪುಪಿನ್ ಲೆಕ್ಕ ಹಾಕಿ ತೋರಿಸಿದ್ದು ಸುರುಳಿಗಳ ನಡುವಿನ ಅಂತರ. ಬಹಳ ಕಡೆ ಬಳಕೆಗೆ ಬಂದ ಅಳತೆ 6,000 ಅಡಿಗೊಂದರಂತೆ 88 ಮಿಲಿಹೆನ್ರಿಯ (ಇಂಡಕ್ಟೆನ್ಸ್‌ನ ಅಳತೆ) ಸುರುಳಿ. ಅಂತರ ಏರುಪೇರಾದರೆ ಅಥವಾ ನಡುವೆ ಒಂದು ಸುರುಳಿ ತಪ್ಪಿದರೆ ಅಲ್ಲಿಂದ ಮಾತು ಪ್ರತಿಧ್ವನಿಸಿ ಹಿಂದಕ್ಕೆ ಬರುತ್ತದೆ. ಮಾತಿಗೆ ಬೇಕಾದ ಸ್ವರಗಳಿಗಿಂತ ಮೇಲಿನದ್ದನ್ನು ಈ ಸುರುಳಿಗಳು ತಡೆದುಬಿಡುತ್ತವೆ. ಹಳೆಯ ತಾಮ್ರದ ಲೈನಿನಲ್ಲಿ ಬ್ರಾಡ್‌ಬ್ಯಾಂಡ್ ಕೊಡುವಾಗ ಇವನ್ನೆಲ್ಲ ಕಿತ್ತುಹಾಕಬೇಕಾಗಿ ಬಂದದ್ದು ಅದಕ್ಕೇ.

ಮಗಳು-ಅಳಿಯ ಷಿಕಾಗೊ ಬಳಿ ಇದ್ದಾರೆ. ನೆರೆಯ ಸರ್ಬಿಯನ್ ಮನೆಯವರು ಡಿಸೆಂಬರ್ 19ಕ್ಕೆ ‘ಸ್ಲಾವಾ’ ಇದೆ, ಬನ್ನಿ ಅಂದಿದ್ದಾರೆ. ನಾವು ಸಸ್ಯಾಹಾರಿಗಳು. ಏನು ಕೊಂಡುಹೋಗಬೇಕು, ಏನು ತಿನ್ನಬಹುದು? ಅವರ ಗೋಧಿಯ ಪ್ರಸಾದ ಮಾಡುವುದು ಹೇಗೆ?
– ಗೃಹಿಣಿ, ಮಂಜೇಶ್ವರ

ತುಳುನಾಡಿನಲ್ಲಿ ಕುಟುಂಬಕ್ಕೊಂದು ಧರ್ಮದೈವ ಇರುವಂತೆ ಸರ್ಬಿಯನ್ನರಲ್ಲಿ ಮನೆತನಕ್ಕೊಬ್ಬ ಸಂತ. ತಂದೆಯಿಂದ ಮಗನಿಗೆ ಬರುವ ಈ ಸಂತನ ದಿನವೇ ಸ್ಲಾವಾ. ಯುನೆಸ್ಕೊ ಇದನ್ನು 2014ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಗಣಿಗೂ ಉಕ್ಕಿನ ಕಾರ್ಖಾನೆಗೂ ದುಡಿಯಲು ಹೋದವರು ಹತ್ತಿರದಲ್ಲಿ ಚರ್ಚು ಇಲ್ಲದಿದ್ದಾಗಲೂ ಇದನ್ನು ಮನೆಯೊಳಗೇ ನಡೆಸಿಕೊಂಡು ಬಂದರು. ವಲಸೆಯಲ್ಲಿ ಇವರ ಧರ್ಮ ಉಳಿದದ್ದರಲ್ಲಿ ಪಾದ್ರಿಗಳಿಗಿಂತ ಅಡುಗೆಮನೆಯ ಪಾಲೇ ದೊಡ್ಡದೆಂಬುದು ನಮ್ಮ ಅನಿಸಿಕೆ.

ಡಿಸೆಂಬರ್ 19 ಸಂತ ನಿಕೊಲಾಸನ ದಿನ. ಅವರದು ಹಳೆಯ ಪಂಚಾಂಗ, ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದೆ. ಕ್ರಿಸ್‌ಮಸ್ ಬರುವುದು ಜನವರಿ 7ಕ್ಕೆ. ಹಾಗಾಗಿ ಈ ಸ್ಲಾವಾ ಕ್ರಿಸ್‌ಮಸ್ಸಿನ ಮುಂಚಿನ ಉಪವಾಸದ ನಡುವೆ ಬೀಳುತ್ತದೆ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಇಲ್ಲ. ಮೀನು ಮಾತ್ರ ಉಂಟು. ನಿಮಗೆ ಇದು ಅನುಕೂಲವೇ: ಬೇಯಿಸಿದ ಬಿಳಿ ಬೀನ್ಸಿಗೆ ಬಹಳಷ್ಟು ನೀರುಳ್ಳಿ ಸೇರಿಸಿ ಒಲೆಯಲ್ಲಿ ಸುಟ್ಟ ‘ಪ್ರೆಬ್ರನಾಟ್ಸ್’, ಹುಳಿ ಬರಿಸಿದ ಕೋಸಿನ ಎಲೆಯಲ್ಲಿ ಅಕ್ಕಿ ತುಂಬಿದ ‘ಸರ್ಮಾ’, ಬ್ರೆಡ್ಡು ಎಲ್ಲ ತಿನ್ನಬಹುದು. ಸೂಪು ಮಾತ್ರ ಕೇಳಿಯೇ ಬಡಿಸಿಕೊಳ್ಳಿ, ಅದು ಮೀನಿನದ್ದಾಗಿರುವ ಸಾಧ್ಯತೆ ಹೆಚ್ಚು. ಮೈಸೂರುಪಾಕು, ಪೇಡ ಒಯ್ಯಬೇಡಿ, ತುಪ್ಪ-ಹಾಲಿನ ತಿಂಡಿ ಆ ದಿನ ಅವರು ಮುಟ್ಟುವುದಿಲ್ಲ. ಎಳ್ಳುಂಡೆ, ನೆಲಗಡಲೆ ಚಿಕ್ಕಿ ಸರಿ. ಕಾಫಿಪುಡಿ ಒಯ್ಯುವುದು ಅವರಲ್ಲೂ ವಾಡಿಕೆ. ಹೂ ಕೊಡುವುದಿದ್ದರೆ ಬೆಸ ಸಂಖ್ಯೆಯಲ್ಲಿರಲಿ. ಸಮಸಂಖ್ಯೆಯ ಹೂ ಸಾವಿನ ಮನೆಗೆ.

ಒಳಗೆ ಹೋದಾಗ ‘ಸ್ರೆಚ್ನಾ ಸ್ಲಾವಾ’ ಎನ್ನಿ. ಮೊದಲು ಗೋಧಿಯ ಬಟ್ಟಲು ಬರುತ್ತದೆ. ಒಂದೇ ಚಮಚ ತೆಗೆದುಕೊಳ್ಳಿ, ಬಳಸಿದ ಚಮಚವನ್ನು ಪಕ್ಕದಲ್ಲಿಟ್ಟ ಲೋಟಕ್ಕೆ ಹಾಕಿ, ಬಟ್ಟಲಿಗೆ ಮರಳಿ ಹಾಕಬೇಡಿ. ಉರಿಯುವ ಮೇಣದಬತ್ತಿಯನ್ನು ಊದಬಾರದು. ಅದನ್ನು ಮನೆಯ ಯಜಮಾನನೇ ಕೆಂಪು ದ್ರಾಕ್ಷಾರಸದಿಂದ ಆರಿಸುತ್ತಾನೆ.

ಆ ಗೋಧಿಗೆ ‘ಕೋಲ್ಯಿವೊ’ ಅಥವಾ ‘ಝಿಟೊ’ ಎನ್ನುತ್ತಾರೆ. ಅರ್ಧ ಕಿಲೊ ಇಡಿ ಗೋಧಿ ಆರಿಸಿ ತೊಳೆದು, ಕಾಳು ಬಿರಿಯುವ ತನಕ ಸಣ್ಣ ಉರಿಯಲ್ಲಿ ಬೇಯಿಸಿ. ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಅಂಟು ಹೋಗುವಂತೆ ತೊಳೆದು, ಸೋಸಿ, ಒಣಬಟ್ಟೆಯ ಮೇಲೆ ತೆಳ್ಳಗೆ ಹರಡಿ ಕೆಲವು ಗಂಟೆ ಆರಿಸಿ. ಕೆಡುವುದು ಹೆಚ್ಚಾಗಿ ಇಲ್ಲೇ. ಕಾಳಿನಲ್ಲಿ ನೀರು ಉಳಿದರೆ ರುಬ್ಬುವಾಗ ಹಿಟ್ಟಿನ ಮುದ್ದೆಯಾಗುತ್ತದೆ, ಸಕ್ಕರೆ ಕರಗಿ ಜೊಲ್ಲು ಬಿಡುತ್ತದೆ, ನಮ್ಮ ಕರಾವಳಿಯ ಸೆಕೆಗೆ ಅದೇ ದಿನ ಹುಳಿ ಬರುತ್ತದೆ. ಚೆನ್ನಾಗಿ ಆರಿದ ಗೋಧಿಯನ್ನು ತರಿಯಾಗಿ ಅರೆದು, 400 ಗ್ರಾಂ ಪುಡಿಸಕ್ಕರೆ, ಅಷ್ಟೇ ವಾಲ್‌ನಟ್ ಪುಡಿ, ಚಿಟಿಕೆ ಜಾಯಿಕಾಯಿ ಸೇರಿಸಿ ಗೋಪುರದಂತೆ ಒತ್ತಿ. ಮೇಲಿನ ಬಿಳಿ ಸಕ್ಕರೆಪುಡಿಯನ್ನು ಬಡಿಸುವ ಮುಂಚೆಯಷ್ಟೇ ಉದುರಿಸಿ. ದೇವದೂತ ಮೈಕೇಲನ ದಿನ, ನವೆಂಬರ್ 21ಕ್ಕೆ, ಹಲವು ಮನೆಗಳಲ್ಲಿ ಇದನ್ನು ಮಾಡುವುದಿಲ್ಲ. ದೇವದೂತರಿಗೆ ಸಾವಿಲ್ಲ, ಮತ್ತೆ ನೆನಪಿನ ಗೋಧಿ ಯಾಕೆ ಎಂಬುದು ಅವರ ವಾದ. ಪಾದ್ರಿಗಳಲ್ಲಿ ಎಲ್ಲರೂ ಇದನ್ನು ಒಪ್ಪುವುದಿಲ್ಲ.

ಸರ್ಬಿಯನ್ನರ ಆರ್ಥೊಡಾಕ್ಸ್ ಚರ್ಚೂ ಕೇರಳದ ಮಲಂಕರ ಆರ್ಥೊಡಾಕ್ಸ್ ಚರ್ಚೂ ಒಂದೆಯೇ? ಇಲ್ಲಿನ ಹಾಗೆ ಅಲ್ಲಿಯೂ ಕೋರ್ಟು ವ್ಯಾಜ್ಯ ಉಂಟೇ?
– ಓದುಗ, ಮುಳ್ಳೇರಿಯ

ಒಂದಲ್ಲ. ಕ್ರಿ.ಶ. 451ರ ಕಾಲ್ಸಿಡಾನ್ ಧರ್ಮಸಭೆಯ ತೀರ್ಮಾನವನ್ನು ಮಲಂಕರ ಸೇರಿರುವ ಪಂಗಡ ಒಪ್ಪಲಿಲ್ಲ, ಗ್ರೀಕ್, ರಷ್ಯನ್, ಸರ್ಬಿಯನ್ ಚರ್ಚುಗಳು ಒಪ್ಪಿದ ಪಂಗಡದವು. ಸರ್ಬಿಯನ್ ಚರ್ಚಿಗೆ ಸ್ವಂತ ಆಡಳಿತ ಸಿಕ್ಕಿದ್ದು ಸಂತ ಸಾವಾನ ಕಾಲದಲ್ಲಿ, 1219ರಲ್ಲಿ.

ಅಮೆರಿಕದಲ್ಲಿ ಇವರ ಮೊದಲ ಚರ್ಚು 1894ರಲ್ಲಿ ಕ್ಯಾಲಿಫೋರ್ನಿಯಾದ ಜಾಕ್ಸನ್ ಎಂಬ ಚಿನ್ನದ ಗಣಿಯೂರಿನಲ್ಲಿ ಎದ್ದಿತು. ಕಟ್ಟಿಸಿದವರು ಸೆಬಾಸ್ಟಿಯನ್ ದಬೋವಿಚ್, ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಹುಟ್ಟಿದ ವಲಸಿಗರ ಮಗ. ಇಲಿನಾಯ್‌ನ ಲಿಬರ್ಟಿವಿಲ್‌ನಲ್ಲಿ ಸಂತ ಸಾವಾ ಮಠ ಕಟ್ಟಿದವರು ಮೊದಲ ಬಿಷಪ್ ಮರ್ದಾರಿಯೆ ಉಸ್ಕೊಕೊವಿಚ್. ಇಬ್ಬರನ್ನೂ 2015ರಲ್ಲಿ ಸಂತರೆಂದು ಘೋಷಿಸಲಾಯಿತು. ನಾಜಿಗಳ ಡಾಹಾವ್ ಬಂದಿಖಾನೆ ಕಂಡು ಬಂದ ಬಿಷಪ್ ನಿಕೊಲಾಯ್ ವೆಲಿಮಿರೊವಿಚ್ ಅಮೆರಿಕದಲ್ಲಿ ಪಾಠ ಹೇಳುತ್ತ 1956ರಲ್ಲಿ ತೀರಿಕೊಂಡರು.

ಇನ್ನು ವ್ಯಾಜ್ಯ. 1963ರಲ್ಲಿ ಬೆಲ್‌ಗ್ರೇಡಿನ ಚರ್ಚು ಅಮೆರಿಕದ ಬಿಷಪ್ ಡಿಯೊನಿಸಿಯೆಯನ್ನು ಪದವಿಯಿಂದ ಇಳಿಸಿ, ಅವರ ಧರ್ಮಪ್ರಾಂತವನ್ನು ಮೂರು ಮಾಡಿತು. ಕಮ್ಯುನಿಸ್ಟರ ಕೈಕೆಳಗಿನ ಚರ್ಚಿನ ಮಾತು ನಾವು ಕೇಳುವುದಿಲ್ಲವೆಂದು ಒಂದು ಗುಂಪು ಒಡೆಯಿತು. ಒಂದೇ ಊರಿನಲ್ಲಿ ಎರಡು ಚರ್ಚು, ಅಣ್ಣತಮ್ಮಂದಿರು ಬೇರೆ ಬೇರೆ ಬಾಗಿಲಲ್ಲಿ. ಚರ್ಚು ತನ್ನ ನಿಯಮವನ್ನೇ ಪಾಲಿಸಿಲ್ಲವೆಂದು ಇಲಿನಾಯ್‌ನ ಸುಪ್ರೀಂ ಕೋರ್ಟು ಬಿಷಪ್ ಪರವಾಗಿ ಹೇಳಿತು. 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು: ಮೇಲಿನಿಂದ ಕೆಳಗೆ ಅಧಿಕಾರವಿರುವ ಚರ್ಚಿನ ಒಳತೀರ್ಪನ್ನು ಸರಕಾರಿ ನ್ಯಾಯಾಲಯ ಬಗೆದು ನೋಡಬಾರದು. ನಮ್ಮ ಸುಪ್ರೀಂ ಕೋರ್ಟು 2017ರಲ್ಲಿ ಮಲಂಕರ ವ್ಯಾಜ್ಯದಲ್ಲಿ ಹಿಡಿದ ದಾರಿ ಬೇರೆ. ಅದು ಮಲಂಕರ ಚರ್ಚಿನ 1934ರ ಸಂವಿಧಾನವನ್ನೇ ಓದಿ, ಚರ್ಚುಗಳೆಲ್ಲ ಅದಕ್ಕೆ ಬದ್ಧ ಎಂದಿತು. ಅಮೆರಿಕದಲ್ಲಿ ಸೋತ ಬಿಷಪ್ಪನ ಕಡೆಯವರು ಇಲಿನಾಯ್‌ನ ಥರ್ಡ್ ಲೇಕ್‌ನಲ್ಲಿ ಕೊಸೊವೊದ ಗ್ರಾಚಾನಿತ್ಸಾ ಮಠದ ಮಾದರಿಯಲ್ಲೇ ಹೊಸ ಮಠ ಕಟ್ಟಿಕೊಂಡರು. ರಾಜಿಯಾದದ್ದು 1992ರಲ್ಲಿ.

ವಲಸೆ ಹೋದ ಕವಿಗಳು?
– ಕಾಲೇಜು ವಿದ್ಯಾರ್ಥಿ, ಕಾಸರಗೋಡು

ಚಾರ್ಲ್ಸ್ ಸಿಮಿಕ್‌ನನ್ನು ಮೊದಲು ಓದಿ. 1938ರಲ್ಲಿ ಬೆಲ್‌ಗ್ರೇಡಿನಲ್ಲಿ ಹುಟ್ಟಿ, 1954ರಲ್ಲಿ ಅಮೆರಿಕ ಸೇರಿ, ಇಂಗ್ಲಿಷಿನಲ್ಲಿ ಬರೆದು 1990ರ ಪುಲಿಟ್ಜರ್ ಪಡೆದ. ವಾಸ್ಕೊ ಪೋಪಾನ ಸರ್ಬಿಯನ್ ಕವಿತೆಗಳನ್ನು ಇಂಗ್ಲಿಷಿಗೆ ತಂದ. ಯೊವಾನ್ ದುಚಿಚ್ ಸರ್ಬಿಯನ್ನಿನಲ್ಲೇ ಉಳಿದವನು, 1943ರಲ್ಲಿ ಇಂಡಿಯಾನಾದ ಗ್ಯಾರಿಯಲ್ಲಿ ತೀರಿಕೊಂಡ.

ಪರರಾಜ್ಯದಲ್ಲಿ ಭಾಷೆಯ ಸಂಸ್ಥೆ ಕಟ್ಟಿ ನೂರಾರು ವರ್ಷ ನಡೆಸಿದ ಉದಾಹರಣೆ ಸರ್ಬಿಯನ್ನರಲ್ಲಿ ಇದೆಯೇ?
– ಗ್ರಂಥಾಲಯ ಕಾರ್ಯಕರ್ತ, ಅಕ್ಕಲಕೋಟೆ

ಇದೆ, ‘ಮಾತಿತ್ಸಾ ಸರ್ಪ್‌ಸ್ಕಾ’. 1690ರಲ್ಲಿ ತುರ್ಕರಿಗೆ ಹೆದರಿ ಸರ್ಬಿಯನ್ ಚರ್ಚಿನ ಮುಖ್ಯಸ್ಥ ಆರ್ಸೆನಿಯೆಯ ಹಿಂದೆ ಸಾವಿರಾರು ಕುಟುಂಬಗಳು ಹಂಗೇರಿಯ ಕಡೆಗೆ ಹೋದವು. ಅಲ್ಲಿನ ಸರ್ಬಿಯನ್ನರಿಗಾಗಿ ಗೆಯೋರ್ಗಿಯೆ ಮಾಗರಾಶೆವಿಚ್ ಎಂಬ ಮೇಷ್ಟ್ರು 1824ರಲ್ಲಿ ‘ಲೆಟೊಪಿಸ್’ ಎಂಬ ಪತ್ರಿಕೆ ಶುರುಮಾಡಿದ. ಹಣವಿಲ್ಲದೆ ಅದು ನಿಲ್ಲುವ ಹಂತಕ್ಕೆ ಬಂದಾಗ 1826ರಲ್ಲಿ ಪೆಸ್ಟ್ ನಗರದ ವ್ಯಾಪಾರಿಗಳು ಕೈಯಿಂದ ದುಡ್ಡು ಹಾಕಿ ಸಂಸ್ಥೆ ಕಟ್ಟಿದರು. ಅನುಕ್ರಮ ಗಮನಿಸಿ: ಪತ್ರಿಕೆ ಮೊದಲು, ಸಂಘ ಆಮೇಲೆ. ನಮ್ಮಲ್ಲಿ ಸಂಘದ ಪದಾಧಿಕಾರಿಗಳ ಪಟ್ಟಿ ಮೊದಲು ಅಚ್ಚಾಗುತ್ತದೆ. 1838ರಲ್ಲಿ ಸಾವಾ ತೆಕೆಲಿಯಾ ಎಂಬ ಶ್ರೀಮಂತ ಪೆಸ್ಟ್‌ನಲ್ಲಿ ಓದುವ ಸರ್ಬಿಯನ್ ಹುಡುಗರಿಗೆ ಹಾಸ್ಟೆಲು ಸ್ಥಾಪಿಸಿದ, ತನ್ನ ಪುಸ್ತಕಗಳನ್ನು ಮಾತಿತ್ಸಾಕ್ಕೆ ಬಿಟ್ಟ. ಸಂಸ್ಥೆ 1864ರಲ್ಲಿ ನೋವಿ ಸಾದ್ ನಗರಕ್ಕೆ ಹೋಯಿತು. ‘ಲೆಟೊಪಿಸ್’ ಈಗಲೂ ಅಲ್ಲಿಂದ ಹೊರಬರುತ್ತಿದೆ.