ಪೈಪಿಗೆ ಅಯಸ್ಕಾಂತ, ಬಿಂದಿಗೆಗೆ ಪಟಿಕ: ಗಡಸು ನೀರಿನ ಪ್ರಶ್ನೆಗಳು

ಕೋಲಾರ, ಚಿಂತಾಮಣಿ, ಚಿತ್ರದುರ್ಗದ ಕಡೆಯಿಂದ ಒಂದೇ ಪ್ರಶ್ನೆ ಬೇರೆ ಬೇರೆ ಕೈಬರಹದಲ್ಲಿ ಬರುತ್ತಲೇ ಇರುವುದರಿಂದ ಈ ಸಲ ಎಲ್ಲವನ್ನೂ ಒಟ್ಟಿಗೆ ಮುಗಿಸುತ್ತೇನೆ. ಗಡಸು ನೀರು ಎಂದರೇನು ಎಂಬ ಪಾಠ ಇಲ್ಲಿಲ್ಲ. ಸಾವಿರ ಅಡಿ ಬೋರ್‌ನಿಂದ ಎತ್ತಿದ ನೀರಿನಲ್ಲಿ ಸೋಪು ಏಕೆ ನೊರೆ ಬಿಡುವುದಿಲ್ಲ ಎನ್ನುವುದು ಆ ಊರುಗಳ ಮಕ್ಕಳಿಗೂ ಗೊತ್ತು.

15 ಲೀಟರಿನ ಗೀಸರ್. ಮೂರು ವರ್ಷದಲ್ಲಿ ಎರಡು ಕಾಯಿಲ್ ಸುಟ್ಟಿದೆ. ಕರೆಂಟ್ ಬಿಲ್ಲೂ ಏರಿದೆ. ಪೈಪಿಗೆ ಅಯಸ್ಕಾಂತ ಕಟ್ಟಿದರೆ ಉಪ್ಪು ಕಟ್ಟುವುದಿಲ್ಲ ಎನ್ನುತ್ತಾರೆ. ಕಟ್ಟಿಸಲೇ?

ಬೇಡ. ಅಯಸ್ಕಾಂತ ಕಟ್ಟುವ ಮೊದಲೊಂದು ಬಾಟಲಿ, ಕಟ್ಟಿದ ಮೇಲೊಂದು ಬಾಟಲಿ ನೀರು ಪರೀಕ್ಷೆಗೆ ಕೊಡಿ. ಗಡಸುತನದ ಅಂಕಿ ಹಾಗೇ ಇರುತ್ತದೆ. ಅದನ್ನು ತೋರಿಸಿದರೆ ಮಾರುವವನು ‘ಉಪ್ಪು ಹೋಗುವುದಿಲ್ಲ ಸಾರ್, ಅದರ ಆಕಾರ ಬದಲಾಗುತ್ತದೆ’ ಎನ್ನುತ್ತಾನೆ. ಹಾಗಾದರೆ ಎರಡು ವರ್ಷ ಕಾಯಿಲ್ ಸುಡುವುದಿಲ್ಲ ಎಂದು ಬರೆದುಕೊಡಲು ಹೇಳಿ.

ಬಿಲ್ಲಿನ ವಿಷಯದಲ್ಲಿ ಪಾಪ ಗೀಸರ್ ಮೇಲೆ ಸುಳ್ಳು ಆರೋಪ. ನೀರಿನೊಳಗೆ ಮುಳುಗಿರುವ ಕಾಯಿಲ್‌ಗೆ ಹೋದ ಕರೆಂಟೆಲ್ಲ ಶಾಖವಾಗಿ ಕೊನೆಗೆ ನೀರಿಗೇ ಸೇರಬೇಕು. ಪದರ ಕಟ್ಟಿದರೆ ನಷ್ಟವಾಗುವುದು ಯೂನಿಟ್ ಅಲ್ಲ, ಕಾಯಿಲ್. ಶಾಖ ಹೊರಗೆ ದಾಟಲಾಗದೆ ಕಾಯಿಲ್‌ನ ಕೊಳವೆಯೇ ಮಿತಿಮೀರಿ ಕಾಯುತ್ತದೆ, ಬಿರಿಯುತ್ತದೆ, ಒಳಗೆ ನೀರು ಹೊಕ್ಕು ಎಂಸಿಬಿ (ಕರೆಂಟನ್ನು ತಾನೇ ಕಡಿಯುವ ಸುರಕ್ಷಾ ಸ್ವಿಚ್) ಬೀಳುತ್ತದೆ. ಬಿಲ್ ಏರಿದ್ದರೆ ಬೆಳಗ್ಗೆ ಹಾಕಿದ ಸ್ವಿಚ್ ಯಾರು ಆರಿಸುತ್ತಿಲ್ಲ ಎಂದು ಮನೆಯಲ್ಲಿ ವಿಚಾರಿಸಿ. ಗ್ಯಾಸ್ ಗೀಸರ್ ಕಥೆ ಬೇರೆ. ಅಲ್ಲಿ ಪದರ ಕಟ್ಟಿದರೆ ಶಾಖ ಹೊಗೆಯ ಜೊತೆ ಹೊರಗೆ ಹೋಗುತ್ತದೆ.

ಒಂದು ಸಣ್ಣ ಲೆಕ್ಕ. ಕಾಯಿಸಿದಾಗ ಕೆಳಗೆ ಕೂರುವ ಸುಣ್ಣ ಲೀಟರಿಗೆ 300 ಮಿಲಿಗ್ರಾಂ ಎಂದುಕೊಳ್ಳಿ. ದಿನಕ್ಕೆ 100 ಲೀಟರ್ ಕಾಯಿಸಿದರೆ 30 ಗ್ರಾಂ. ಅದರ ಹತ್ತನೇ ಒಂದು ಪಾಲು ಒಳಗೆ ಉಳಿದರೂ ವರ್ಷಕ್ಕೆ ಒಂದು ಕಿಲೋ ದಾಟುತ್ತದೆ. ನೀರು ಹೆಚ್ಚು ಬಿಸಿಯಾದಷ್ಟೂ ಹೆಚ್ಚು ಕೂರುತ್ತದೆ, ಅದೂ ಎಲ್ಲಕ್ಕಿಂತ ಬಿಸಿಯಾದ ಕಾಯಿಲ್ ಮೈಮೇಲೆಯೇ. ಆದ್ದರಿಂದ ಖರ್ಚಿಲ್ಲದ ಮೊದಲ ಮದ್ದು ಥರ್ಮೋಸ್ಟಾಟ್. ಅದನ್ನು 75ಕ್ಕಿಟ್ಟು ಆಮೇಲೆ ಬಕೆಟ್‌ಗೆ ಅರ್ಧ ತಣ್ಣೀರು ಬೆರೆಸುವ ಚಾಳಿ ಬಿಡಿ. 55 ಡಿಗ್ರಿ ಸಾಕು. ವಾರಗಟ್ಟಲೆ ಬಳಸದೆ ಬಿಟ್ಟ ಗೀಸರ್ ಮಾತ್ರ ಒಮ್ಮೆ ಪೂರ್ತಿ ಕಾಯಿಸಿ, ಆ ನೀರು ಚೆಲ್ಲಿ.

ಎರಡನೆಯದು ವರ್ಷಕ್ಕೊಂದು ಸಲ ಬಿಚ್ಚಿ ತೊಳೆಯುವುದು. ಗೀಸರ್ ಒಳಗೆ ಕಟಕಟ ಸದ್ದು ಶುರುವಾಗಿದ್ದರೆ ವರ್ಷ ತುಂಬಲಿ ಎಂದು ಕಾಯಬೇಡಿ. ಎಂಸಿಬಿಯನ್ನೇ ಇಳಿಸಿ. ಗೋಡೆಯ ಸ್ವಿಚ್ಚನ್ನು ನಂಬಬೇಡಿ, ಹಳೆಯ ಮನೆಗಳಲ್ಲಿ ಅದು ನ್ಯೂಟ್ರಲ್ ತಂತಿಗೆ ಕೂತಿರುವುದುಂಟು. ನೀರು ಪೂರ್ತಿ ತಣಿದ ಮೇಲೆ ಒಳಬರುವ ನಲ್ಲಿ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಟ್ಟು, ಕೆಳಗಿನ ಪೈಪು ಬಿಚ್ಚಿ ಖಾಲಿ ಮಾಡಿ. ಅಡಿಯ ಮುಚ್ಚಳ ತೆಗೆದಾಗ ಕಾಣುವ ತಂತಿಗಳ ಫೋಟೊ ತೆಗೆದುಕೊಳ್ಳದೆ ಒಂದನ್ನೂ ಕಳಚಬೇಡಿ. ಫ್ಲೇಂಜ್‌ನ, ಅಂದರೆ ಕಾಯಿಲ್ ಕೂರಿಸಿದ ತಟ್ಟೆಯ, ನಟ್ಟುಗಳನ್ನು ಬಿಚ್ಚಿದರೆ ಕಾಯಿಲ್, ಆನೋಡ್ ರಾಡ್ (ಟ್ಯಾಂಕಿನ ಬದಲು ತಾನು ಸವೆಯುವ ಕಡ್ಡಿ) ಎರಡೂ ಹೊರಬರುತ್ತವೆ. ಜೊತೆಗೆ ಒಂದು ಬಕೆಟ್ ಬಿಳಿ ಚೂರೂ ಬೀಳುತ್ತದೆ, ಕೆಳಗೆ ಗೋಣಿಚೀಲ ಹಾಸಿರಿ.

ಎರಡು ಲೀಟರ್ ಉಗುರುಬೆಚ್ಚಗಿನ ನೀರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಕಾಯಿಲ್ ಮುಳುಗಿಸಿ. ತಂತಿ ಸಿಕ್ಕಿಸುವ ತುದಿಗಳು ಮಾತ್ರ ನೆನೆಯಬಾರದು. ಬುರುಬುರು ನೊರೆ ಎದ್ದರೆ ಅದು ಸುಣ್ಣ. ನೊರೆ ನಿಂತರೂ ಪದರ ಉಳಿದಿದ್ದರೆ ಹೊಸ ದ್ರಾವಣ ಮಾಡಿ. ನೊರೆಯೇ ಬರದಿದ್ದರೆ ಅದು ಬೇರೆ ಉಪ್ಪು, ಮರದ ಚೂರಿನಿಂದ ಕೆರೆಯುವುದೊಂದೇ ದಾರಿ. ಇಲ್ಲಿ ಎಲ್ಲರೂ ಮಾಡುವ ತಪ್ಪು, ಬೇಗ ಆಗಲಿ ಎಂದು ಕುದಿನೀರು ಹಾಕುವುದು, ರಾತ್ರಿಯಿಡೀ ಬಿಡುವುದು. ಆಗ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪದರ ಕೂರುತ್ತದೆ. ಒಂದೆರಡು ಗಂಟೆಯಲ್ಲಿ ತೆಗೆದು ತೊಳೆಯಿರಿ. ಟ್ಯಾಂಕಿನೊಳಗೆ ಸ್ಕ್ರೂಡ್ರೈವರ್ ಆಡಿಸಬೇಡಿ, ಗಾಜಿನ ಲೇಪನ ಒಡೆದರೆ ತುಕ್ಕು ಹಿಡಿದು ಟ್ಯಾಂಕೇ ಹೋಗುತ್ತದೆ. ಕಕ್ಕಸು ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ: ಅದು ಸ್ಟೇನ್‌ಲೆಸ್ ಸ್ಟೀಲನ್ನು ತೂತು ತೂತಾಗಿ ತಿನ್ನುತ್ತದೆ, ಬ್ಲೀಚಿಂಗ್ ಪುಡಿ ಸೋಕಿದರೆ ಕ್ಲೋರಿನ್ ಅನಿಲ ಬರುತ್ತದೆ.

ಆನೋಡ್ ರಾಡ್ ಸವೆದು ನಡುವಿನ ಉಕ್ಕಿನ ತಂತಿ ಕಂಡರೆ ಹೊಸದು ಹಾಕಿ. ನೀರು ಸೋರದಂತೆ ಫ್ಲೇಂಜ್‌ಗೆ ಕೂರಿಸುವ ಗ್ಯಾಸ್ಕೆಟ್ ಪ್ರತಿ ಸಲವೂ ಹೊಸದೇ ಆಗಲಿ. ಮತ್ತೆ ಜೋಡಿಸಿದ ಮೇಲೆ ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಉಗುಳುವುದು ನಿಂತು ನೀರು ಸರಾಗವಾಗಿ ಬಂದ ಮೇಲೆಯೇ ಕರೆಂಟು ಕೊಡಿ. ಖಾಲಿ ಟ್ಯಾಂಕಿಗೆ ಕರೆಂಟು ಕೊಟ್ಟು ಹೊಸ ಕಾಯಿಲ್ ಸುಟ್ಟವರೂ ನನಗೆ ಗಡಸು ನೀರಿನ ದೂರನ್ನೇ ಬರೆಯುತ್ತಾರೆ. ಮನೆಯ ಅರ್ಥಿಂಗ್ ಬಗ್ಗೆ ಅನುಮಾನವಿದ್ದರೆ ಇದನ್ನೆಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಒಳಬರುವ ಪೈಪಿಗೇ ಏನಾದರೂ ಹಾಕಬೇಕೆಂಬ ಆಸೆ ತೀರದಿದ್ದರೆ ನಿಧಾನವಾಗಿ ಕರಗುವ ಪಾಲಿಫಾಸ್ಫೇಟ್ ಹರಳಿನ ಕಾರ್ಟ್ರಿಜ್ ಹಾಕಿಸಿ. ಅದು ಗಡಸುತನ ತೆಗೆಯುವುದಿಲ್ಲ, ಸುಣ್ಣ ಗಟ್ಟಿಯಾಗಿ ಅಂಟುವುದನ್ನು ತಡೆಯುತ್ತದೆ. ನೀರು ತೀರಾ ಬಿಸಿಯಾದರೆ ಅದೂ ಕೆಲಸ ಮಾಡುವುದಿಲ್ಲ, ಥರ್ಮೋಸ್ಟಾಟ್ ಇಳಿಸಿ ಅಂದದ್ದು ಅದಕ್ಕೂ ಸೇರಿ. ಹರಳು ಮುಗಿದಾಗ ತುಂಬದಿದ್ದರೆ ಅದು ಬರೀ ಪ್ಲಾಸ್ಟಿಕ್ ಡಬ್ಬಿ.

ಆರ್‌ಒ ಫಿಲ್ಟರ್ ಮಾರಲು ಮನೆಗೆ ಬಂದವರು ನಮ್ಮ ನಲ್ಲಿ ನೀರಿಗೆ ಎರಡು ಕಡ್ಡಿ ಇಳಿಬಿಟ್ಟು ಕರೆಂಟು ಕೊಟ್ಟರು. ನೀರು ಕೆಸರಾಯಿತು. ಅವರ ಆರ್‌ಒ ನೀರು ತಿಳಿಯಾಗೇ ಇತ್ತು. ನಾವು ಇಷ್ಟು ದಿನ ಕುಡಿದದ್ದು ಇದನ್ನೇ?

ಅಲ್ಲ. ಅದು ಅವನ ಕಬ್ಬಿಣದ ಕಡ್ಡಿ ಕರಗಿದ ಬಣ್ಣ. ಆರ್‌ಒ ನೀರಿನಲ್ಲಿ ಉಪ್ಪು ಕಡಿಮೆ, ಕರೆಂಟು ಹರಿಯುವುದಿಲ್ಲ, ಅದಕ್ಕೇ ತಿಳಿ. ಮುಂದಿನ ಸಲ ಅವನ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಮಾಡಿಸಿ. ಟಿಡಿಎಸ್ ಪೆನ್ನು ಕೂಡ ಗಡಸುತನ ಹೇಳುವುದಿಲ್ಲ, ಒಟ್ಟು ಕರಗಿದ ಉಪ್ಪಿನ ಅಂದಾಜು ಹೇಳುತ್ತದೆ. ನಿಮಗೆ ಬೇಕಾದದ್ದು ಪ್ರಯೋಗಾಲಯದ ವರದಿ: ಒಟ್ಟು ಗಡಸುತನ, ಫ್ಲೋರೈಡ್, ನೈಟ್ರೇಟ್ ಮೂರೂ ಇರಲಿ. ಭಾರತೀಯ ಮಾನಕ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ. ಫ್ಲೋರೈಡ್ 1.5 ದಾಟಿದ್ದರೆ ಆರ್‌ಒ ಹಾಕಿಸಿ, ನಾನೇ ಹೇಳುತ್ತೇನೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ.

ಇಡೀ ಮನೆಗೆ ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಿಸಿದರೆ ನಿರ್ವಹಣೆ ಏನೂ ಇಲ್ಲವಂತೆ?

ಉಪ್ಪಿನ ಮೂಟೆ ಹೊರುವವರು ಯಾರು ಎಂದು ಕೇಳಿ. ಗಡಸುತನ 600 ಇರುವ ನೀರು ದಿನಕ್ಕೆ 500 ಲೀಟರ್ ಎಂದರೆ 300 ಗ್ರಾಂ. ಸಾಫ್ಟ್‌ನರ್ ಒಳಗಿನ 25 ಲೀಟರ್ ರೆಸಿನ್ (ಗಡಸುತನ ಹಿಡಿಯುವ ಮಣಿಗಳು) ಸುಮಾರು 1,250 ಗ್ರಾಂ ಹಿಡಿದು ನಾಲ್ಕು ದಿನಕ್ಕೆ ಸೋಲುತ್ತದೆ. ಆಗ ಅದನ್ನು ಉಪ್ಪುನೀರಿನಲ್ಲಿ ತೊಳೆದು ಮತ್ತೆ ಸಜ್ಜು ಮಾಡಬೇಕು: ಪ್ರತಿ ಸಲ ನಾಲ್ಕು ಕಿಲೋ ಹತ್ತಿರ ಉಪ್ಪು, ತಿಂಗಳಿಗೆ 30 ಕಿಲೋ. ಆ ನೀರಿನಲ್ಲಿ ಸೋಡಿಯಂ ಏರಿರುತ್ತದೆ. ಬಿಪಿ ಇರುವವರು ಕುಡಿಯಬಾರದು, ಗಿಡಕ್ಕೂ ಬೇಡ. ನೀರು ಕೆಂಪಾಗಿದ್ದರೆ ಮೊದಲು ಕಬ್ಬಿಣದ ಫಿಲ್ಟರ್, ಇಲ್ಲದಿದ್ದರೆ ರೆಸಿನ್ ಹಾಳು.

ಬೇಳೆ ಬೇಯುವುದಿಲ್ಲ.

ಬೇಳೆಯ ಪೆಕ್ಟಿನ್ ಅನ್ನು ಕ್ಯಾಲ್ಸಿಯಂ ಗಟ್ಟಿಯಾಗಿ ಹಿಡಿಯುತ್ತದೆ. ನೆನೆಹಾಕಲೂ ಬೇಯಿಸಲೂ ಮಳೆನೀರು ಅಥವಾ ಆರ್‌ಒ ನೀರು ಬಳಸಿ. ಹುಣಸೆಹಣ್ಣು, ಟೊಮೆಟೊ ಬೆಂದ ಮೇಲೆ. ಸೋಡಾ ಒಂದು ಚಿಟಿಕೆ ದಾಟದಿರಲಿ, ಬಿ1 ವಿಟಮಿನ್ ಹೋಗುತ್ತದೆ.

ಪಟಿಕ ಆಡಿಸಿದರೆ ಉಪ್ಪು ಇಳಿಯುತ್ತದೆಯೇ?

ಮಣ್ಣು ಇಳಿಯುತ್ತದೆ. ಉಪ್ಪಲ್ಲ.

ಈ ನೀರಿಗೆ ಕೂದಲು ಉದುರುತ್ತದೆಯೇ?

ಒರಟಾಗುತ್ತದೆ. ಬುಡದಿಂದ ಉದುರುತ್ತಿದ್ದರೆ ಚರ್ಮವೈದ್ಯರ ಬಳಿ ಹೋಗಿ. ಅಂಟುವಾಳ ಗಡಸು ನೀರಿನಲ್ಲೂ ನೊರೆ ಬಿಡುತ್ತದೆ, ಸೋಪಿನ ಹಾಗೆ ಒಡೆದು ಜಿಡ್ಡಾಗುವುದಿಲ್ಲ.

ಕಿಡ್ನಿ ಕಲ್ಲು ಈ ನೀರಿನಿಂದಲೇ ಅಲ್ಲವೇ?

ನಲ್ಲಿಗೆ ಕಟ್ಟುವ ಬಿಳಿ ಪದರವೇ ಹೊಟ್ಟೆಯೊಳಗೂ ಕಟ್ಟುತ್ತದೆ ಎಂದುಕೊಂಡು ನೀರು ಕುಡಿಯುವುದನ್ನು ಕಡಿಮೆ ಮಾಡುವವರಿಗೇ ಕಲ್ಲಿನ ಅಪಾಯ ಹೆಚ್ಚು.

ನಲ್ಲಿ, ಟೈಲ್ಸ್ ಮೇಲಿನ ಬಿಳಿ ಕಲೆಗೆ ನಿಂಬೆ ಉಪ್ಪು ಹಚ್ಚಬಹುದೇ?

ಬಟ್ಟೆಯಲ್ಲಿ ಅದ್ದಿ ಹತ್ತು ನಿಮಿಷ ಸುತ್ತಿಟ್ಟು ತೊಳೆಯಿರಿ. ಮಾರ್ಬಲ್, ಕಡಪ, ಶಹಾಬಾದ್ ಕಲ್ಲಿಗೆ ಸೋಕಿಸಬೇಡಿ. ಮಾರ್ಬಲ್ ಸೇರಿ ಮೂರೂ ಸುಣ್ಣದ ಕಲ್ಲೇ, ಕಲೆಯ ಜೊತೆ ನೆಲವೂ ಕರಗುತ್ತದೆ.